ಮೆಂತ್ಯ ಸೊಪ್ಪು ಬಿಡಿಸಲು ಬರುತ್ತಿದ್ದವಳು

ಅಮೆರಿಕದ ರಾಂಚೊ ಬರ್ನಾರ್ಡೊದಲ್ಲಿ ನಮ್ಮ ಪಕ್ಕದ ಮನೆಯ ಯಹೂದಿ ದಂಪತಿ, ಯುದ್ಧದಲ್ಲಿ ಗೆಳತಿಯನ್ನು ಕಳೆದುಕೊಂಡಿದ್ದ ಇಸ್ರೇಲಿ ಹುಡುಗಿಯೊಬ್ಬಳನ್ನು ಎರಡು ತಿಂಗಳು ಇರಲೆಂದು ಕರೆಸಿಕೊಂಡಿದ್ದರು. ಅವರ ಸಮುದಾಯದವರು ಅವಳನ್ನು ಪ್ರೀತಿಯಿಂದ ಊಟಕ್ಕೆ ಕರೆಯುತ್ತಿದ್ದರು. ಊಟವಾದ ಮೇಲೆ ಅವಳು ಅಲ್ಲಿ ನಡೆದದ್ದನ್ನು ಎಲ್ಲರೆದುರು ಹೇಳಬೇಕಾಗುತ್ತಿತ್ತು.

ಸಂಜೆ ನಮ್ಮ ಅಡುಗೆಮನೆಗೆ ಬಂದು, "ಏನಾದ್ರೂ ಕೆಲಸ ಕೊಡಿ, ಆಂಟಿ" ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಮೆಂತ್ಯ ಸೊಪ್ಪು ಕೊಟ್ಟರೆ ಒಂದೊಂದೇ ಎಲೆ ಬಿಡಿಸುತ್ತಾ ಗಂಟೆಗಟ್ಟಲೆ ಸುಮ್ಮನೆ ಕೂರುತ್ತಿದ್ದಳು. ಮೇಲೆ ವಿಮಾನ ಹಾದುಹೋದರೆ ಅವಳ ಕೈ ನಿಲ್ಲುತ್ತಿತ್ತು. ನಾನು ಏನೂ ಕೇಳುತ್ತಿರಲಿಲ್ಲ.

ಒಂದು ಭಾನುವಾರ ಮಾತ್ರ, ಊಟಕ್ಕೆ ಬಂದಿದ್ದ ಬೆಂಗಳೂರಿನ ಗೆಳೆಯರ ಮುಂದೆ ನಾನೇ ಬಾಯಿಬಿಟ್ಟೆ. "ಅಲ್ಲಿ ಏನಾಯ್ತು ಅಂತ ಇವರಿಗೂ ಸ್ವಲ್ಪ ಹೇಳಮ್ಮ."

ಅವಳು ಕೈ ತೊಳೆದುಕೊಂಡು ಬಂದು, ನೆಟ್ಟಗೆ ಕೂತು, ಪಾಠ ಒಪ್ಪಿಸುವವಳಂತೆ ಎಲ್ಲವನ್ನೂ ಹೇಳಿದಳು. ಗೆಳೆಯರು ಕಣ್ಣೊರೆಸಿಕೊಂಡರು. ಅವಳ ಕಣ್ಣು ಒಣಗಿತ್ತು.

ಆಮೇಲೆ ಅವಳು ನಮ್ಮ ಮನೆಗೆ ಬರಲಿಲ್ಲ. ಊರಿಗೆ ಹೊರಟ ದಿನ ಬಾಗಿಲಲ್ಲೇ ನಿಂತು, "ಅವತ್ತು ನಾನು ಸರಿಯಾಗಿ ಹೇಳಿದ್ನಾ, ಆಂಟಿ?" ಎಂದು ಕೇಳಿದಳು.

ಕ್ಷಮೆ ಕೇಳಬೇಕಾಗಿದ್ದ ನಾನು, "ತುಂಬಾ ಚೆನ್ನಾಗಿ ಹೇಳ್ದೆ ಕಣಮ್ಮ" ಅಂದುಬಿಟ್ಟೆ.