ಕಡಲೆ ವಡೆ ಬೇಕು, ಭಾಷಣ ಬೇಡ

ಕಳೆದ ವಾರ ಆಸ್ಟಿನ್ನಿನ ನಮ್ಮ ಆಫೀಸಿನಲ್ಲಿ ಯಾರೋ ರೊಟ್ಟಿಗೆ ಆಲಿವ್ ಎಣ್ಣೆ ಸವರಿ, ಎಳ್ಳು ಬೆರೆತ ಹುಳಿಹುಳಿ ಸೊಪ್ಪಿನ ಪುಡಿ ಉದುರಿಸಿ ಬಿಸಿ ಮಾಡುತ್ತಿದ್ದರು. ಆ ಘಮ ಮೂಗಿಗೆ ಬಡಿದದ್ದೇ ತಡ, ಇಂಥದೇ ರೊಟ್ಟಿ ಬಿಸಿ ಮಾಡುತ್ತಿದ್ದ ಹ್ಯೂಸ್ಟನ್ನಿನ ಅಂಗಡಿಯ ಅಂಕಲ್ ನೆನಪಾದರು...

ನಾನಾಗ ಎಂ.ಎಸ್. ವಿದ್ಯಾರ್ಥಿ. ಕಾರಿರಲಿಲ್ಲ. ನಡೆದು ಹೋಗುವಷ್ಟು ಹತ್ತಿರವಿದ್ದದ್ದು ಅವರ ಅಂಗಡಿಯೊಂದೇ. ಪ್ಯಾಲೆಸ್ತೀನಿನವರು. ನಮ್ಮಂಥ ಹುಡುಗರಿಗೆಂದೇ ತೊಗರಿಬೇಳೆ, ಹುಣಸೆಹಣ್ಣು ತರಿಸುತ್ತಿದ್ದರು. ಬ್ರಿಟಿಷರು ನಿಮ್ಮಲ್ಲಿಂದ ಹೊರಟ ಮರುವರ್ಷ ನಮ್ಮಲ್ಲಿಂದಲೂ ಹೊರಟರು, ಎರಡು ಕಡೆಯೂ ಬೆಂಕಿ ಹತ್ತಿದ ಮೇಲೆಯೇ ಹೊರಟರು ಎನ್ನುತ್ತಿದ್ದರು. ಅದೇ ಗಲಾಟೆಯಲ್ಲಿ ಅವರ ತಂದೆ ಮನೆ ಬಿಟ್ಟು ಓಡಿದ್ದರಂತೆ.

ಅವಳಿ ಗೋಪುರಗಳು ಬಿದ್ದ ಮರುವರ್ಷ. ಹ್ಯೂಸ್ಟನ್ ಪಕ್ಕದ ಊರು ಕೇಟಿಯಲ್ಲಿ ನಮ್ಮ ಕನ್ನಡದವರು ಆಗಸ್ಟ್ ಹದಿನೈದಕ್ಕೆ, ಮನೆಗೊಂದು ಅಡುಗೆ ತರುವ ಪಾಟ್‌ಲಕ್ ಇಟ್ಟುಕೊಂಡಿದ್ದರು. ನಿಮ್ಮ ನಾಡಿನ ಬಗ್ಗೆ ಐದು ನಿಮಿಷ ಮಾತಾಡಿ ಎಂದು ನಾನು ಅಂಕಲ್‌ರನ್ನು ಕರೆದುಬಿಟ್ಟೆ. ಅವರು ಹಿಗ್ಗಿ, ನಮ್ಮೂರಿನ ಕಡಲೆ ವಡೆ ತರುತ್ತೇನೆ ಎಂದರು. ಅವರನ್ನು ಮೊದಲು ಕರೆದು, ನಮ್ಮ ಕನ್ನಡ ಸಂಘದ ಅಧ್ಯಕ್ಷರನ್ನು ಆಮೇಲೆ ಕೇಳಿದ್ದು ನನ್ನ ತಪ್ಪು. ಅಧ್ಯಕ್ಷರೆಂದರೆ ತೈಲ ಕಂಪನಿಯ ಇಂಜಿನಿಯರ್. ಕಾರ್ಯಕ್ರಮ ನಡೆಯುತ್ತಿದ್ದದ್ದು ಅವರ ಮನೆಯಲ್ಲೇ.

"ಪ್ಯಾಲೆಸ್ತೀನ್ ಅಂದ್ರೆ ಖಾಲಿ ಬಿದ್ದ ಮರಳುಗಾಡು ಕಣಯ್ಯಾ. ಯಹೂದಿಗಳು ಬಂದು ಡೆವಲಪ್ ಮಾಡಿದ್ರು, ಇವ್ರಿಗೆ ಹೊಟ್ಟೆಕಿಚ್ಚು. ಅದನ್ನ ನಮ್ ಸ್ವಾತಂತ್ರ್ಯಕ್ಕೆ ಯಾಕೆ ಹೋಲಿಸ್ತೀಯಾ? ಭಾಷಣ ಬೇಡ. ವಡೆ ಬೇಕಾದ್ರೆ ತರ್ಲಿ," ಎಂದರು.

ರೈಲು ಹಾಕಿ ನಿಮ್ಮನ್ನು ಉದ್ಧಾರ ಮಾಡಿದೆವು ಎಂದು ಬ್ರಿಟಿಷರೂ ಹೀಗೇ ಹೇಳುತ್ತಿದ್ದರಲ್ಲ, ಸಾರ್? ಹಾಗೆ ಕೇಳಬೇಕಿತ್ತು. ಆದರೆ ಈ ಮಹಾಶಯರು ನನಗೆ ಇಂಟರ್ನ್‌ಶಿಪ್ ಕೊಡಿಸುವವರಿದ್ದರು. ಆಯ್ತು ಸಾರ್ ಎಂದೆ. ಅಂಕಲ್‌ಗೆ ಫೋನ್ ಮಾಡಿ ಬೇಡ ಎನ್ನುವ ಯೋಗ್ಯತೆಯೂ ನನಗಿರಲಿಲ್ಲ.

ಅವರು ಅಂಗಡಿ ಮುಚ್ಚಿ, ಸೂಟು ಹಾಕಿಕೊಂಡು, ದೊಡ್ಡ ಟ್ರೇ ಹಿಡಿದು ಬಂದರು. ಒಳಗೆ ಮಕ್ಕಳ ಛದ್ಮವೇಷ ನಡೆದಿತ್ತು. ಯಾವ ತಾಯಿಯೂ ತನ್ನ ಮಗ ಬಿಳಿಯ ಅಧಿಕಾರಿಯಾಗಲು ಒಪ್ಪದೆ, ಪೊರಕೆಗೆ ಟೋಪಿ ತೊಡಿಸಿ ನಿಲ್ಲಿಸಿದ್ದರು. ಎದುರಿಗೆ ಹನ್ನೆರಡು ಮಂದಿ ಪುಟ್ಟ ಹೋರಾಟಗಾರರು. ಅದನ್ನು ನೋಡಿ ಅಂಕಲ್ ನಕ್ಕರು. ನಾನು ಬಾಗಿಲಲ್ಲೇ ಅಡ್ಡ ನಿಂತು, ಟೈಮ್ ಇಲ್ಲವಂತೆ ಎಂದು ತೊದಲಿದೆ. ನನ್ನ ಮುಖ ನೋಡಿಯೇ ಅವರಿಗೆ ಎಲ್ಲ ಅರ್ಥವಾಗಿರಬೇಕು. ಟ್ರೇ ಕೊಟ್ಟರು. ಜೇಬಿನಿಂದ ಮಡಿಚಿದ ಕಾಗದ ತೆಗೆದು, ಸಮಯ ಸಿಕ್ಕರೆ ನೀನೇ ಓದಿಬಿಡು ಮಗನೇ ಎಂದು ಹೇಳಿ ಹೊರಟುಹೋದರು.

ವಡೆ ಹತ್ತು ನಿಮಿಷದಲ್ಲಿ ಖಾಲಿ. ಅಧ್ಯಕ್ಷರು ನಾಲ್ಕು ತಿಂದು, ಮಾಡುವ ವಿಧಾನ ಕೇಳಿಕೊಂಡು ಬಾ ಎಂದು ನನಗೇ ಹೇಳಿದರು.

ಕಾಗದವನ್ನು ನಾನು ಬಾತ್‌ರೂಮಿನಲ್ಲಿ ಓದಿದೆ. ನನ್ನ ಕಥೆಯೂ ನಿಮ್ಮ ಕಥೆಯೂ ಒಂದೇ ಎಂದು ಹೇಳಲು ನಾನು ಬಂದಿಲ್ಲ, ಎಂದು ಬರೆದಿದ್ದರು. ನಿಮ್ಮನ್ನು ಆಳಿದವರಿಗೆ ಹಡಗು ಹತ್ತಿ ವಾಪಸ್ ಹೋಗಲು ಒಂದು ದೇಶವಿತ್ತು. ನನ್ನ ತಂದೆಯ ಮನೆಗೆ ಬಂದು ಸೇರಿದವರು ಬೇರೆಡೆ ಎಲ್ಲವನ್ನೂ ಕಳೆದುಕೊಂಡು ಬಂದವರು. ಹೋಗಿ ಎಂದರೆ ಅವರು ಎಲ್ಲಿಗೆ ಹೋಗಬೇಕು? ಹಾಗಾದರೆ ನಾನೆಲ್ಲಿಗೆ ಹೋಗಬೇಕು?... ಕಾಗದದಲ್ಲಿದ್ದದ್ದು ಅಷ್ಟೇ. ಹೋಲಿಸಬೇಡ ಎಂದು ಅಬ್ಬರಿಸಿದ ನಮ್ಮ ಅಧ್ಯಕ್ಷರಿಗಿಂತ ಚೆನ್ನಾಗಿ, ಹೋಲಿಕೆ ಎಲ್ಲಿ ಮುಗಿಯುತ್ತದೆ ಎಂದು ಅವರೇ ಬರೆದಿದ್ದರು. ಅದನ್ನು ನಾನು ಯಾರಿಗೂ ಓದಿ ಹೇಳಲಿಲ್ಲ.

ಆಮೇಲೆ ಬೇಳೆಗೆ ಗೆಳೆಯನ ಕಾರಿನಲ್ಲಿ ದೂರದ ಇಂಡಿಯನ್ ಅಂಗಡಿಗೆ ಹೋಗತೊಡಗಿದೆ. ಇಂಟರ್ನ್‌ಶಿಪ್ ಸಿಕ್ಕಿತು, ಕೆಲಸವೂ ಸಿಕ್ಕಿತು. ಎಷ್ಟೋ ವರ್ಷದ ಮೇಲೆ ಆ ಬೀದಿಗೆ ಹೋದರೆ ಅಲ್ಲೊಂದು ಮೊಬೈಲ್ ಅಂಗಡಿ. ಅಂಕಲ್ ತೀರಿಕೊಂಡು ಬಹಳ ಕಾಲವಾಯಿತು ಎಂದು ಅಲ್ಲಿದ್ದವರು ಹೇಳಿದರು. ಯಾವ ಮಣ್ಣಿನಲ್ಲಿಟ್ಟರೋ... ಕೇಳುವ ಮುಖ ನನಗಿರಲಿಲ್ಲ.

ಈ ಆಗಸ್ಟ್ ಹದಿನೈದಕ್ಕೆ ಮತ್ತೆ ಕೇಟಿಗೆ ಹೋಗಿದ್ದೆ. ಅಧ್ಯಕ್ಷರಿಗೆ ತಲೆ ನರೆತಿದೆ, ಗಂಟಲು ಮಾತ್ರ ಹಾಗೇ ಇದೆ. ನಮ್ಮ ಹಿರಿಯರ ಮಾತನ್ನು ಆ ದುರಹಂಕಾರಿ ಬಿಳಿಯರು ಕಿವಿಗೇ ಹಾಕಿಕೊಳ್ಳಲಿಲ್ಲ ಎಂದು ಮೈಕಿನಲ್ಲಿ ಗುಡುಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಾನೂ ತಟ್ಟಿದೆ.