ಚಸ್ಮಾ ಹಂಚಿದ ಜೈಲು

ಓದಲು ಬಾರದವರು ಮಾನ ಉಳಿಸಿಕೊಳ್ಳಲು ನಮ್ಮ ಕಡೆ ಆಡುವ ಮಾತೊಂದಿದೆ, ನೀವೂ ಕೇಳಿರುತ್ತೀರಿ: ‘ಚಸ್ಮಾ ಮನ್ಯಾಗ ಬಿಟ್ಟ ಬಂದೇನ್ರಿ.’ ನಾನು ವಾರ್ಡರ್ ಆಗಿದ್ದ ಜೈಲಿನಲ್ಲಿ ಇಪ್ಪತ್ತರ ಪ್ರಾಯದವರೂ ಇದನ್ನೇ ಹೇಳುತ್ತಿದ್ದರು. ಅದನ್ನು ನಂಬಿದ ಪುಣ್ಯಾತ್ಮರೊಬ್ಬರು ಕೈದಿಗಳಿಗೆಲ್ಲ ಪುಕ್ಕಟೆ ಚಸ್ಮಾ ಹಂಚಿ, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಹೋದರು. ಮರುದಿನವೂ ಯಾರಿಗೂ ಓದಲು ಬರಲಿಲ್ಲ. ನೋಡಲು ಮಾತ್ರ ಎಲ್ಲರೂ ಹೆಡ್‌ಮಾಸ್ತರರಂತೆ ಕಾಣುತ್ತಿದ್ದರು. ಚಸ್ಮಾ ಕೊಟ್ಟ ಮೇಲೂ ಓದದವನು ಸೋಮಾರಿಯಲ್ಲದೆ ಮತ್ತೇನು ಎಂದು ನಾವು ತೀರ್ಪು ಕೊಟ್ಟೆವು. ತೀರ್ಪು ಕೊಡಲು ನ್ಯಾಯಾಧೀಶರೇ ಬೇಕೆಂದೇನೂ ಇಲ್ಲ, ಹತ್ತನೆಯ ಇಯತ್ತೆ ಪಾಸಾಗಿ ಕೈಯಲ್ಲಿ ಲಾಠಿ ಇದ್ದರೆ ಸಾಕು.

ಆ ಹೆಡ್‌ಮಾಸ್ತರರಲ್ಲಿ ಒಬ್ಬ ಬನಹಟ್ಟಿಯ ಸಿದ್ದಪ್ಪ, ಪವರ್‌ಲೂಮ್ ನೇಕಾರ. ಜಗಳದ ಕೇಸಿನಲ್ಲಿ ಸಿಕ್ಕ ಜಾಮೀನು, ಕೋರ್ಟಿನ ತಾರೀಖು ತಪ್ಪಿಸಿದ್ದಕ್ಕೆ ರದ್ದಾಗಿ ಮತ್ತೆ ಒಳಗೆ ಬಂದಿದ್ದ. ಎಣಿಕೆಗೆ ಸಾಲಾಗಿ ಕೂರಿಸಿದರೆ ನಡುವೆಯೇ ಎದ್ದು ಗುಬ್ಬಿಯ ಹಿಂದೆ ಹೋಗುತ್ತಿದ್ದ. ನಾನು ಬೆನ್ನಿಗೆ ಬಾರಿಸಿ, ಸಾಹೇಬರಿಗೆ ‘ಉದ್ಧಟ’ ಎಂದು ವರದಿ ಮಾಡುತ್ತಿದ್ದೆ.

ಕೊನೆಗೊಮ್ಮೆ ಮನೋವೈದ್ಯೆಯೊಬ್ಬರು ಬಂದು ಪರೀಕ್ಷಿಸಿದರು. ಕಣ್ಣು ನೆಟ್ಟಗಿವೆ, ಅಕ್ಷರ ಹಿಡಿಯುವುದೂ ಗಮನ ನಿಲ್ಲಿಸುವುದೂ ಇವನಿಗೆ ಹುಟ್ಟಿನಿಂದಲೇ ಕಷ್ಟ ಎಂದರು.

‘ತಾರೀಖಿನ ಚೀಟಿ ಓದಾಕ ಬರಂಗಿಲ್ಲಂತ ಯಾಕ ಹೇಳಲಿಲ್ಲಪಾ?’

‘ಹೇಳಿದ್ನಿರಿ ಅಕ್ಕಾರ, ಸಾಲ್ಯಾಗ. ಮಾಸ್ತರು ಹೊಡದ್ರು. ಇಲ್ಲಿ ಹೇಳಿದ್ರ ಈ ಕಾಕಾ ಹೊಡೀತಾರ್ರಿ.’

ಕಾಕಾ ಎಂದರೆ ನಾನು. ಶಾಲೆಯಲ್ಲಿ ಹಿಂದಿನ ಬೆಂಚಿಗೆ ತಳ್ಳಿಸಿಕೊಂಡವರನ್ನೇ ಮುಂದೆ ನಾವು ಜೈಲಿನಲ್ಲಿ ಕೂರಿಸುತ್ತೇವೆ; ಇಲ್ಲಿ ಬೆಂಚು ಇರುವುದಿಲ್ಲ, ಅಷ್ಟೇ.

ವೈದ್ಯೆಯ ಮಾತಿನ ಮೇಲೆ ಮತ್ತೆ ಜಾಮೀನು ಸಿಕ್ಕಿತು. ಇನ್ನೊಂದು ತಾರೀಖು ತಪ್ಪಿದರೆ ಅದೂ ಇಲ್ಲ. ಅಷ್ಟರಲ್ಲಿ ನಾನು ನಿವೃತ್ತನಾದೆ. ಈಗ ತಾರೀಖಿದ್ದಾಗಲೆಲ್ಲ ಬನಹಟ್ಟಿಗೆ ಹೋಗಿ, ಮಗ್ಗದ ಮನೆಯಿಂದ ಅವನನ್ನು ಎಬ್ಬಿಸಿಕೊಂಡು ಕೋರ್ಟಿಗೆಂದು ಜಮಖಂಡಿ ಬಸ್ಸು ಹತ್ತುತ್ತೇನೆ. ಓಣಿಯವರು ನನ್ನನ್ನು ಧರ್ಮಾತ್ಮ ಎನ್ನುತ್ತಾರೆ. ಹೊಡೆದ ಕೈಗೆ ಎಷ್ಟು ಬೇಗ ಬಿರುದು!

ಮೊನ್ನೆ ಬಸ್ಸಿನಲ್ಲಿ, ಎಷ್ಟೋ ದಿನದಿಂದ ಬಾಯಿಪಾಠ ಮಾಡಿಟ್ಟಿದ್ದನ್ನು ಪಕ್ಕದವರಿಗೆ ಕೇಳಿಸದಂತೆ ಹೇಳಿದೆ: ‘ಸಿದ್ದಪ್ಪಾ, ನಿನ್ನ ಹೊಡದದ್ದು ನನ್ನ ತಪ್ಪಾತು.’ ಹೇಳಿ, ಕಣ್ಣು ಒದ್ದೆ ಮಾಡಿಕೊಂಡು ಕಾದೆ. ಅವನು ಕಿಟಕಿಯಾಚೆ ಹಾಡು ಹಚ್ಚಿಕೊಂಡು ಹೊರಟ ಕಬ್ಬಿನ ಟ್ರ್ಯಾಕ್ಟರ್ ನೋಡುತ್ತಿದ್ದ.

‘ಏನಂದ್ರಿ ಕಾಕಾ? ಆ ಹಾಡಿನ ಕಡೆ ಲಕ್ಷ್ಯ ಹೋತ್ರಿ. ಇನ್ನೊಮ್ಮಿ ಹೇಳ್ರಿ, ಜೋರ್ಲೆ.’

ಜೋರಾಗಿ ಹೇಳಿದೆ. ಟಿಕೆಟ್ ಕೊಡುತ್ತಿದ್ದ ಕಂಡಕ್ಟರನ ಕೈ ಅಲ್ಲೇ ನಿಂತಿತು. ಈ ಸಲ ಸಿದ್ದಪ್ಪ ಪೂರ್ತಿ ಕೇಳಿಸಿಕೊಂಡ. ಇಡೀ ಬಸ್ಸೂ ಕೇಳಿಸಿಕೊಂಡಿತು.