ನಾನಿದ್ದೀನಿ ಎಂಬ ಮಾತಿಗೆ ಪುರಾವೆ

ಉಪ್ಪಿನಕಾಯಿ ಮುಗಿದ ಗಾಜಿನ ಬಾಟಲಿಯನ್ನು ಎಷ್ಟು ತೊಳೆದರೂ ಇಂಗಿನ ವಾಸನೆ ಬಿಡುವುದಿಲ್ಲ ಎನ್ನುವುದು ನಿಮಗೂ ಗೊತ್ತಿರುತ್ತದೆ. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಚರ್ಚಾಸ್ಪರ್ಧೆಯ ವಿಷಯದ ಚೀಟಿ ಎತ್ತುವುದಕ್ಕೆ ನಾನು ಇಟ್ಟುಕೊಂಡಿದ್ದದ್ದು ಅಂಥದೇ ಒಂದು ಬಾಟಲಿ. ಅಮೆರಿಕದ ನಾರ್‌ಕ್ರಾಸ್‌ನಲ್ಲಿ ಚರ್ಚೊಂದರ ಹಿಂದಿನ ಹಾಲ್ ಒಂದನ್ನು ಬಾಡಿಗೆಗೆ ಹಿಡಿದು ನಡೆಸುವ ತರಗತಿ ಅದು. ಅಪ್ಪ ಅಮ್ಮಂದಿರು ಮಕ್ಕಳನ್ನು ಬಾಗಿಲಲ್ಲಿ ಇಳಿಸಿ ದಿನಸಿ ತರಲು ಹೋಗುತ್ತಾರೆ. ಒಳಗೆ ಹೈಸ್ಕೂಲು ಮಕ್ಕಳ ಗುಂಪು ಮೂಗು ಮುಚ್ಚಿಕೊಂಡು ಬಾಟಲಿಗೆ ಕೈ ಹಾಕಿ, "ಅಂಕಲ್, ನನ್ನ ಟಾಪಿಕ್ಕು ಮ್ಯಾಂಗೋ ಪಿಕಲ್ಲು" ಎಂದು ನಗುತ್ತದೆ.

ನಾನು ಮೀಸೆ ಬಂದ ಮೇಲೆ ಎಸ್ಸೆಸ್ಸೆಲ್ಸಿಗೆ ಕೂತವನು. ತಿಪಟೂರಿನ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿಕೊಂಡಿದ್ದು, ಮತ್ತೆ ಶಾಲೆಗೆ ಸೇರಿದಾಗ ನನ್ನನ್ನು ಚರ್ಚಾಸ್ಪರ್ಧೆಗೆ ನಿಲ್ಲಿಸಿದ್ದರು. ಮೇಷ್ಟ್ರು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಅದೇ ವಾದ. ನಡುವೆ ಎಲ್ಲಿ ಮರೆತುಬಿಡುತ್ತೇನೋ ಎನ್ನುವುದೊಂದೇ ಭಯ. ವಾದಕ್ಕೆ ಪುರಾವೆ ಬೇಕೆಂದು ತಿಳಿದದ್ದು ಹೆಂಡತಿಯ ನರ್ಸ್ ಕೆಲಸದ ಬೆನ್ನಿಗೆ ಈ ಊರಿಗೆ ಬಂದು, ನಲವತ್ತು ದಾಟಿದ ಮೇಲೆ, ಸಂಜೆ ಕಾಲೇಜಿನ ಬೆಂಚಿನ ಮೇಲೆ ಕೂತಾಗ. ಅಲ್ಲಿನ ಟೀಚರಮ್ಮ ನನ್ನ ಪ್ರತಿ ವಾಕ್ಯದ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ ಬರೆಯುತ್ತಿದ್ದರು: ಇದು ನಿನಗೆ ಹೇಗೆ ಗೊತ್ತು? ಹೊಸ ಚಾಕು ಸಿಕ್ಕವನು ಮನೆಯಲ್ಲಿದ್ದ ತರಕಾರಿಯನ್ನೆಲ್ಲ ಹೆಚ್ಚಿಹಾಕುವ ಹಾಗೆ ನಾನು ಆ ಪ್ರಶ್ನೆಯನ್ನು ಹೋದಲ್ಲೆಲ್ಲ ಪ್ರಯೋಗಿಸಿದೆ. ಕೊನೆಗೆ ಅದನ್ನು ತಂದು ನಮ್ಮ ಮಕ್ಕಳ ಕೈಗೂ ಕೊಟ್ಟೆ. ಯಾರು ಹೇಳಿದ್ದು, ಅವರಿಗೆ ಹೇಗೆ ಗೊತ್ತು, ಹೆಸರು ಹೇಳದ ಸಾಕ್ಷಿ ಸಾಕ್ಷಿಯೇ ಅಲ್ಲ, ಎಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ.

ಆ ವರ್ಷದ ಚರ್ಚೆಗೆ ನಾನು ಹಾಕಿದ್ದ ವಿಷಯಗಳು ಪ್ಲಾಸ್ಟಿಕ್ ಚೀಲ, ಮೊಬೈಲ್ ಗೀಳು, ಇಂಥವು. ಮಕ್ಕಳು ಆಕಳಿಸಿದರು. ಹಾಗಾದರೆ ನಿಮಗೆ ನಿಜವಾಗಿ ತೊಂದರೆ ಕೊಡುವುದು ಏನೋ ಅದನ್ನೇ ಬರೆದು ಹಾಕಿ ಎಂದೆ. ಹೋಂವರ್ಕ್ ಎಂದೋ, ಮನೆಯಲ್ಲಿ ಬೈಯುತ್ತಾರೆ ಎಂದೋ ಬರೆಯುತ್ತಾರೆ ಎಂದುಕೊಂಡಿದ್ದೆ. ಬಾಟಲಿ ಬೋರಲು ಹಾಕಿ ಚೀಟಿ ಬಿಡಿಸುತ್ತ ಹೋದರೆ, ಒಂದೆರಡು ಬಿಟ್ಟು ಎಲ್ಲದರಲ್ಲೂ ಒಂದೇ ಮಾತು. ಸ್ಕೂಲ್, ಗನ್. ಶಾಲೆಗೆ ನುಗ್ಗಿ ಮಕ್ಕಳ ಮೇಲೆ ಗುಂಡು ಹಾರಿಸುವವರನ್ನು ತಡೆಯಲು ಟೀಚರುಗಳ ಕೈಗೆ ಬಂದೂಕು ಕೊಡಬೇಕೇ ಎನ್ನುವುದು ಆಗ ಟಿವಿಯಲ್ಲೆಲ್ಲ ನಡೆಯುತ್ತಿದ್ದ ಜಗಳ. ಅದೇ ನಮ್ಮ ವಿಷಯವಾಯಿತು. ಯಾರು ಯಾವ ಪಕ್ಷ ಎನ್ನುವುದಕ್ಕೆ ಮತ್ತೆ ಚೀಟಿ ಎತ್ತಿದೆವು. ಕೊಡಬೇಕು ಎಂದು ವಾದಿಸುವ ಚೀಟಿ ಬಂದದ್ದು ಹಿಂದಿನ ಸಾಲಿನಲ್ಲಿ ಕೂರುವ ಹುಡುಗಿ ಸಹನಾಗೆ.

ಸುದ್ದಿ ತಿಳಿದ ಅವಳ ತಂದೆ, ಧಾರವಾಡದ ಕಡೆಯ ಇಂಜಿನಿಯರ್ ಪಾಟೀಲರು, ಪಾರ್ಕಿಂಗ್ ಲಾಟಿನಲ್ಲಿ ನನ್ನನ್ನು ತಡೆದರು.

"ಸರ, ಕನ್ನಡಾ ಕಲಸ್ರಿ ಅಂದ್ರ ಬಂದೂಕ ಕಲಸಾಕತ್ತೀರೇನ್ರಿ? ಹುಡುಗ್ರ ತಲ್ಯಾಗ ಇಲ್ಲದ ಅಂಜಿಕಿ ತುಂಬಬ್ಯಾಡ್ರಿ."

"ನಾನು ತುಂಬಲಿಲ್ಲ ಸಾರ್. ಅದು ಆಗಲೇ ಅಲ್ಲಿತ್ತು."

"ಹಂಗಂತ ಕೆದಕೂದೇನು? ಮತ್ತೊಮ್ಮೆ ಹಿಂಗಾದ್ರ ನಾ ಅಕಿನ್ನ ಕಳಸಂಗಿಲ್ಲ. ಉಳದವ್ರಿಗೂ ಹೇಳ್ತೀನಿ."

ಅವರು ನಾಲ್ಕು ಜನಕ್ಕೆ ಹೇಳಿದರೆ ತರಗತಿ ಮುಚ್ಚಿದ ಹಾಗೆಯೇ. ಆ ಭಯವನ್ನು ಜೇಬಿನಲ್ಲಿಟ್ಟುಕೊಂಡೇ ನಾನು ಮುಂದಿನ ವಾರ ಪಾಠಕ್ಕೆ ನಿಂತದ್ದು. ಪಾಠ ಮುಗಿದ ಮೇಲೆ ಸಹನಾ ಪೆನ್ನು ಹಿಡಿದು ಬಂದಳು.

"ಅಂಕಲ್, ಡಿಬೇಟ್‌ಗೆ ನಿಮ್ಮನ್ನ ಇಂಟರ್‌ವ್ಯೂ ಮಾಡ್ಬೇಕು. ನೀವೂ ಟೀಚರ್, ರೈಟ್?"

"ವಾರಕ್ಕೊಂದು ದಿನದ ಟೀಚರ್ ಕಣಮ್ಮ. ಅರ್ಧ ಟೀಚರ್."

"ಓಕೆ, ಹಾಫ್ ಟೀಚರ್. ಈ ರೂಮಿಗೆ ಯಾರಾದ್ರೂ ಗನ್ ತಗೊಂಡು ಬಂದ್ರೆ ನೀವು ಏನು ಮಾಡ್ತೀರಾ?"

"ನಿಮ್ಮ ಮುಂದೆ ನಿಂತ್ಕೋತೀನಿ. ನಾನಿದ್ದೀನಿ, ಹೆದರಬೇಡ."

ಅವಳು ಅದನ್ನು ಬರೆದುಕೊಳ್ಳಲಿಲ್ಲ. "ಹೇಗೆ ಗೊತ್ತು?" ಎಂದಳು.

ನೋಡಿ, ನನ್ನ ಬಾಲ್ಯದಲ್ಲೂ ಭಯಗಳಿದ್ದವು. ಹುಣಸೆಮರದ ದೆವ್ವ, ಕುಂಟೆ ನೀರಿನ ಆಳ, ಹೆಡ್‌ಮಾಸ್ಟರರ ಬೆತ್ತ. ಅವೆಲ್ಲ ದೊಡ್ಡವರೊಬ್ಬರು ನಾನಿದ್ದೀನಿ ಎಂದ ಕೂಡಲೇ ದೀಪ ಹಚ್ಚಿದ ಕೋಣೆಯ ಕತ್ತಲೆಯ ಹಾಗೆ ಸರಿದು ಹೋಗುತ್ತಿದ್ದವು. ಆ ಮಾತಿಗೆ ಪುರಾವೆ ಕೇಳಬಹುದೆಂದು ನಮಗೆ ಹೊಳೆದಿರಲೇ ಇಲ್ಲ. ಕೇಳಿದ್ದರೆ ನಮ್ಮ ಅಪ್ಪಂದಿರ ಹತ್ತಿರ ಮಾತ್ರ ಏನಿತ್ತು? ಈ ಮಗುವಿಗೆ ಕೇಳುವುದನ್ನು ಕಲಿಸಿದವನು ನಾನೇ. ಕಲಿಸುವಾಗ ಆ ಪ್ರಶ್ನೆ ಪತ್ರಿಕೆಯವರ ಕಡೆಗೋ ಮಂತ್ರಿಗಳ ಕಡೆಗೋ ಹೋಗುತ್ತದೆ ಎಂದುಕೊಂಡಿದ್ದೆನೇ ಹೊರತು ನನ್ನ ಎದೆಯ ಮುಂದೆ ಬಂದು ನಿಲ್ಲುತ್ತದೆ ಎಂದಲ್ಲ.

ನಾನು ಹಾಲ್‌ನ ಬಾಗಿಲನ್ನು ನೋಡಿದೆ, ಕಿಟಕಿಗಳನ್ನು ನೋಡಿದೆ. ಅವಳು ನನ್ನ ಕಣ್ಣನ್ನೇ ಹಿಂಬಾಲಿಸುತ್ತಿದ್ದಳು.

"ಸ್ಟೋರ್ ರೂಮ್ ಒಂದೇ ಒಳಗಿಂದ ಲಾಕ್ ಆಗೋದು, ಅಂಕಲ್. ನಾನು ಫಸ್ಟ್ ಡೇನೇ ನೋಡಿದೀನಿ."

ಇಷ್ಟು ವರ್ಷ ನಾನು ಅ ಆ ಇ ಈ ಎನ್ನುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಈ ಮಗು ಬೀಗಗಳನ್ನು ನೋಡಿಕೊಂಡು ಕೂತಿತ್ತು!

"ಗೊತ್ತಿಲ್ಲಮ್ಮ" ಎಂದೆ. "ನಿಂತ್ಕೋತೀನಿ ಅಂತ ಆಸೆ. ನಿಂತ್ಕೋತೀನೋ ಇಲ್ಲವೋ, ನಿಜವಾಗ್ಲೂ ಗೊತ್ತಿಲ್ಲ."

ಅದನ್ನು ಬರೆದುಕೊಂಡಳು. "ನಿಮ್ಮ ಹೆಸರು ಹೇಳಿ ಸ್ಟೇಜ್ ಮೇಲೆ ಹೇಳ್ಲಾ?"

ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಕ್ಕಳನ್ನು ಕಾಯುತ್ತೇನೋ ಇಲ್ಲವೋ ಗೊತ್ತಿಲ್ಲ ಎಂದವನ ಹತ್ತಿರ ಯಾವ ತಾಯಿ ಮಗುವನ್ನು ಬಿಟ್ಟು ಹೋಗುತ್ತಾಳೆ? ಆದರೆ ಹೆಸರಿನ ನಿಯಮ ಬೋರ್ಡಿನ ಮೇಲೆ ಇನ್ನೂ ಅಳಿಸದೆ ಉಳಿದಿತ್ತು. ಹೇಳು ಎಂದೆ.

ಚರ್ಚೆಯ ದಿನ ಅಪ್ಪ ಅಮ್ಮಂದಿರಿಂದ ಹಾಲ್ ತುಂಬಿತ್ತು. ಸಹನಾ ನನ್ನ ಹೆಸರು ಹೇಳಿ, ನನ್ನತ್ತ ಕೈ ತೋರಿಸಿ ಹೇಳಿಯೇಬಿಟ್ಟಳು: "ನಮ್ಮ ಅಂಕಲ್ ಖಾಲಿ ಕೈಯಲ್ಲಿ ಏನು ಮಾಡ್ತಾರೆ ಅಂತ ಅವರಿಗೇ ಗೊತ್ತಿಲ್ಲ. ಸೋ, ಅವರ ಕೈಗೆ ಏನಾದ್ರೂ ಕೊಡಬೇಕು." ಎದುರು ಪಕ್ಷದ ಹುಡುಗಿ ಕುಳಿತಲ್ಲಿಂದಲೇ, "ಗನ್ ಕೊಟ್ಟರೆ ಗೊತ್ತಾಗುತ್ತಾ?" ಎಂದಳು. ಜನ ನಕ್ಕರು, ನಕ್ಕವರು ಅರ್ಧಕ್ಕೇ ನಿಲ್ಲಿಸಿ ನನ್ನ ಕಡೆ ತಿರುಗಿದರು. ಯಾರು ಗೆದ್ದರೆಂದು ನನಗೆ ನೆನಪಿಲ್ಲ.

ಮುಗಿದ ಮೇಲೆ ಪಾಟೀಲರು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ನನ್ನತ್ತ ಬರುವುದು ಕಂಡಿತು. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ಬಂದು ಪಕ್ಕದಲ್ಲಿ ನಿಂತರು.

"ನನ್ನೂ ಕೇಳಿದ್ಲರೀ, ಮನ್ಯಾಗ. ಅಪ್ಪಾ ನೀ ಏನ್ ಮಾಡ್ತಿ ಅಂತ. ಎಲ್ಲಿದ್ರೂ ಓಡಿ ಬರ್ತೀನವ್ವಾ ಅಂದೆ. ನಮ್ಮ ಆಫೀಸಿನಿಂದ ಅಕಿ ಸಾಲಿಗೆ ಎಷ್ಟೊತ್ತು ಅಂತ ಫೋನಿನ್ಯಾಗ ಮ್ಯಾಪ್ ತಗದು ತೋರಿಸಿದ್ಲು. ಟ್ರಾಫಿಕ್ ಇಲ್ಲದಾಗ ಮುಕ್ಕಾಲು ತಾಸು."

ನಾನು ಕುರ್ಚಿಗಳನ್ನು ಮಡಚತೊಡಗಿದೆ, ಅವರೂ ಒಂದೊಂದಾಗಿ ಮಡಚಿ ಕೊಟ್ಟರು.

ಮುಂದಿನ ಭಾನುವಾರ ಸಹನಾ ಬಂದಳು, ಉಳಿದವರೂ ಬಂದರು. ಪಾಟೀಲರು ಎಂದಿನಂತೆ ದಿನಸಿಗೆ ಹೋಗದೆ ಒಳಗೆ ಬಂದು, ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಕೂತರು. ಸಹನಾ ಹಿಂತಿರುಗಿ ನೋಡಿದಳು.

"ಅಪ್ಪಾ, ಎವ್ರಿ ಸಂಡೇ ಇಲ್ಲೇ ಕೂಡ್ತೀಯಾ?"

"ಹೂಂನವ್ವಾ. ಕೂಡ್ತೀನಿ."

"ಮತ್ತೆ ಮಂಡೇ, ಸ್ಕೂಲಲ್ಲಿ?"

ಪಾಟೀಲರು ನನ್ನ ಕಡೆ ನೋಡಿದರು. ನಾನು ಬಳಪ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದೆ.